ಸುಲೋಚನಮ್ಮನವರ ಎಡಗಾಲು

ಸುಲೋಚನಮ್ಮ ಆಗಸ್ಟ್ ಹದಿನಾಲ್ಕರ ಗುರುವಾರ ಬೆಳಿಗ್ಗೆ ಐದೂ ಮುಕ್ಕಾಲಿಗೆ ಹಾಸನದ ಒಂದು ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರಿಗೆ ಐವತ್ತೇಳು ವರ್ಷ. ಎಡ ಅಂಗಾಲಿನಲ್ಲಿ ಆದ ಹುಣ್ಣು ಕೊಳೆತು, ನಂಜು ರಕ್ತಕ್ಕೆ ಏರಿತ್ತು. ಮಧ್ಯಾಹ್ನ ದೇಹವನ್ನು ನಮ್ಮೂರು ಶನಿವಾರಸಂತೆಗೆ ತಂದರು. ನಾಲ್ಕು ಗಂಟೆಗೆ ಅವರ ಮನೆಯವರ ಜಾಗದಲ್ಲಿ, ಅವರ ಪದ್ಧತಿಯಂತೆ ಗುಂಡಿಯಲ್ಲಿ ಕೂರಿಸಿ ಮಣ್ಣು ಮಾಡಿದರು. ಎರಡೂ ಕಾಲನ್ನು ಮಡಿಸಿ ಕೂರಿಸಿದರು. ಎಡಗಾಲಿಗೆ ಮೊಣಕಾಲಿನವರೆಗೆ ಬ್ಯಾಂಡೇಜ್ ಇತ್ತು. ಅದರ ಮೇಲೆಯೇ ವಿಭೂತಿ ಹಚ್ಚಿದರು.

ಎರಡೂ ಕಾಲು ಎಂದು ಬರೆಯುವುದಕ್ಕೆ ಕಾರಣವಿದೆ. ಸುಲೋಚನಮ್ಮನ ಅತ್ತೆಗೆ ಸಕ್ಕರೆ ಕಾಯಿಲೆಯಿಂದ ಬಲಗಾಲು ಕೊಳೆತು, ಮೊಣಕಾಲಿನ ಕೆಳಗೆ ಕತ್ತರಿಸಿದ್ದರು. ಆಮೇಲೆ ಏಳು ವರ್ಷ ಆ ಮುದುಕಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತೇ ಬದುಕಿದರು. ಅಷ್ಟೂ ವರ್ಷ ಅವರನ್ನು ಎತ್ತಿ ಕೂರಿಸಿದವರು, ತೊಳೆದವರು ಸುಲೋಚನಮ್ಮ. ಸತ್ತಾಗ ಗುಂಡಿಯಲ್ಲಿ ಕೂರಿಸಲು ಹೋದರೆ ಒಂದು ಕಾಲಿಲ್ಲದ ದೇಹ ಒಂದೇ ಕಡೆ ವಾಲುತ್ತಿತ್ತಂತೆ. ಕಡೆಗೆ ಬಾಳೆದಿಂಡಿನ ತುಂಡೊಂದನ್ನು ಒತ್ತಿಟ್ಟು ನಿಲ್ಲಿಸಿದರು. ಸುಲೋಚನಮ್ಮ ಅದನ್ನು ನೋಡಿದ್ದರು. ಈ ಮಾತನ್ನು ನನಗೆ ಮೂರು ನಾಲ್ಕು ಸಲ ಹೇಳಿದ್ದಾರೆ. ಪ್ರತಿ ಸಲವೂ ಕೊನೆಗೆ ಹೇಳುತ್ತಿದ್ದದ್ದು ಒಂದೇ: "ಟೀಚ್ರೆ, ನಾನು ಯಾವಾಗ ಬೇಕಾದ್ರೂ ಸಾಯ್ತೀನಿ. ಕಾಲು ಮಾತ್ರ ಕೊಡಲ್ಲ."

ಅವರು ಟೈಲರ್. ಸಂತೆ ಮೈದಾನದ ಹಿಂದಿನ ರಸ್ತೆಯಲ್ಲಿ ಒಂದೇ ಶಟರ್‌ನ ಅಂಗಡಿ. ಗಂಡ ಮಲ್ಲಪ್ಪನವರು ಸಂತೆಯಲ್ಲಿ ಹಗ್ಗ, ಕಾಫಿ ಕುಯ್ಲಿನ ಬುಟ್ಟಿ ಮಾರುತ್ತಾರೆ. ಮಕ್ಕಳಿಲ್ಲ. ಶನಿವಾರ ಸಂತೆಗೆ ಬಂದ ಹೆಂಗಸರು ಮೊದಲು ಬ್ಲೌಸ್ ಬಟ್ಟೆ ಕೊಟ್ಟು, ಹೋದ ವಾರ ಕೊಟ್ಟದ್ದನ್ನು ತೊಟ್ಟು ನೋಡಿ, ಆಮೇಲೆ ತರಕಾರಿಗೆ ಹೋಗುತ್ತಿದ್ದರು. ನಾನು ಮಡಿಕೇರಿಯಿಂದ ಇಲ್ಲಿನ ಹೈಸ್ಕೂಲಿಗೆ ಕನ್ನಡ ಕಲಿಸಲು ಬಂದ ಮೊದಲ ವಾರ ಅವರಲ್ಲಿಗೆ ಹೋಗಿದ್ದೆ. ಚಪ್ಪಲಿ ಹಾಕಿಕೊಂಡೇ ಒಳಗೆ ಕಾಲಿಟ್ಟೆ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ದವರು ಅದನ್ನು ತೆಗೆದು, ನನ್ನ ಕಾಲನ್ನೇ ನೋಡಿದರು.

"ನಿಮ್ಮ ತಂದೆ ದೇವಸ್ಥಾನದಲ್ಲಿ ಪೂಜೆ ಮಾಡೋರಂತೆ. ನಿಮ್ಗೂ ನಾನೇ ಹೇಳ್ಕೊಡ್ಬೇಕಾ?"

ಮೂವತ್ತೊಂದು ವರ್ಷದ ಸ್ನೇಹ ಹೀಗೆ ಬೈಗುಳದಿಂದ ಶುರುವಾಯಿತು. ಕೊನೆಯವರೆಗೂ ಅವರು ನನ್ನನ್ನು ಟೀಚ್ರೆ ಎಂದೇ ಕರೆದರು. ನಾನು ಸುಲೋಚನಮ್ಮ ಎಂದೇ ಕರೆದೆ. ಇಬ್ಬರೂ ನೀವು ಬಿಟ್ಟು ನೀನಿಗೆ ಇಳಿಯಲಿಲ್ಲ.

ಅವರ ಹೊಲಿಗೆಯ ಮೆಷಿನ್ ಕಾಲಲ್ಲಿ ತುಳಿಯುವುದು. ಬೆಳಿಗ್ಗೆ ಬಂದು ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಬರಿಗಾಲನ್ನು ಪೆಡಲ್ ಮೇಲಿಟ್ಟರೆ ಮಧ್ಯಾಹ್ನದವರೆಗೂ ಆ ಕಾಲು ನಿಲ್ಲುತ್ತಿರಲಿಲ್ಲ. ಮಲ್ಲಪ್ಪನವರು ಒಂದು ಸಲ ಮೋಟರ್ ತಂದು ಹಾಕಿಸಿದರು. ಎಂಟು ದಿನದಲ್ಲಿ ಸುಲೋಚನಮ್ಮ ಅದನ್ನು ಬಿಚ್ಚಿಸಿದರು. "ಮೋಟರ್ ಇದ್ರೆ ಬಟ್ಟೆ ಮುಂದೆ ಓಡ್ತದೆ, ನಾನು ಹಿಂದೆ ಓಡ್ಬೇಕು. ಎಷ್ಟು ಬಿಡ್ಬೇಕು, ಎಲ್ಲಿ ನಿಲ್ಲಿಸ್ಬೇಕು ಅಂತ ನನ್ನ ಕಾಲಿಗೆ ಗೊತ್ತು" ಎಂದರು. ಅದು ಜಂಭದ ಮಾತಲ್ಲ. ತೋಳಿನ ಸುತ್ತಿನಲ್ಲಿ ಸೂಜಿಯನ್ನು ಒಂದೊಂದೇ ಹೊಲಿಗೆಯಾಗಿ ನಡೆಸುವಾಗ ಅವರು ಕೈ ನೋಡುತ್ತಿದ್ದರೇ ಹೊರತು ಕಾಲಿನ ಕಡೆ ಗಮನವೇ ಇರುತ್ತಿರಲಿಲ್ಲ.

ಮೂರು ವರ್ಷದ ಹಿಂದೆ ಅವರಿಗೂ ಸಕ್ಕರೆ ಕಾಯಿಲೆ ಇದೆಯೆಂದು ತಿಳಿಯಿತು. ಮಾತ್ರೆ ತಪ್ಪಿಸಲಿಲ್ಲ, ಅನ್ನ ಕಮ್ಮಿ ಮಾಡಿದರು. ಹೋದ ಡಿಸೆಂಬರಿನಲ್ಲಿ ಸೋಮವಾರಪೇಟೆಯ ಡಾಕ್ಟರ್ ಶರಣ್ಯಾ, ದಿನಾ ಅರ್ಧ ಗಂಟೆ ನಡೆಯಲೇಬೇಕು ಎಂದರು. ಎಲ್ಲಿ ನಡೆಯುವುದು? ಬೆಳಿಗ್ಗೆ ಹೊತ್ತು ತೋಟದ ರಸ್ತೆಗಳಲ್ಲಿ ಆನೆ. ಪೇಟೆಯೊಳಗೆ ನಡೆದರೆ ಹತ್ತು ಹೆಜ್ಜೆಗೊಬ್ಬರು ನಿಲ್ಲಿಸಿ ನನ್ನ ಬ್ಲೌಸ್ ಎಲ್ಲಿ ಎಂದು ಕೇಳುತ್ತಾರೆ. ಆ ಹೊತ್ತಿಗೆ ಕೀರ್ತಿಕುಮಾರ್ ಎಂಬ ನನ್ನ ಹಳೆಯ ವಿದ್ಯಾರ್ಥಿ ಕೊಡ್ಲಿಪೇಟೆ ರಸ್ತೆಯಲ್ಲಿ, ಗೊಬ್ಬರದ ಅಂಗಡಿಯ ಮಹಡಿಯಲ್ಲಿ ಜಿಮ್ ತೆರೆದಿದ್ದ. ಒಂದು ಟ್ರೆಡ್‌ಮಿಲ್, ಎರಡು ಸೈಕಲ್, ನಿಂತು ತುಳಿಯುವ ಒಂದು ಕ್ರಾಸ್ ಟ್ರೈನರ್. ನನಗೂ ನಿವೃತ್ತಿಯಾಗಿತ್ತು, ಮಂಡಿ ಹಿಡಿಯುತ್ತಿತ್ತು. ಸಂಕ್ರಾಂತಿ ಕಳೆದ ಮೇಲೆ ಇಬ್ಬರೂ ಸೇರಿದೆವು. ಬೆಳಿಗ್ಗೆ ಎಂಟರಿಂದ ಒಂಬತ್ತು.

ಸುಲೋಚನಮ್ಮ ಟ್ರೆಡ್‌ಮಿಲ್‌ಗೆ ಹೆದರಿದರು. ಕ್ರಾಸ್ ಟ್ರೈನರ್ ನೋಡಿದ ಕೂಡಲೇ ಮುಖ ಅರಳಿತು. ಎರಡು ದೊಡ್ಡ ಪೆಡಲ್, ತುಳಿದರೆ ಮುಂದೆ ಚಕ್ರ ಸುತ್ತುತ್ತದೆ. ಮುಟ್ಟಿ ಕಣ್ಣಿಗೊತ್ತಿಕೊಂಡು ಹತ್ತಿದರು. ಎರಡು ನಿಮಿಷಕ್ಕೆ ಲಯ ಸಿಕ್ಕಿತು.

"ಅಲ್ಲಪ್ಪ ಕೀರ್ತಿ, ಇಷ್ಟು ತುಳಿದ್ರೂ ಒಂದು ಹೊಲಿಗೆನೂ ಬೀಳಲ್ವಲ್ಲೋ!"

ಪಕ್ಕದ ಸೈಕಲ್ ಮೇಲೆ ಕೂತಿದ್ದ ಪೂವಯ್ಯನವರು ನಕ್ಕರು. ಅವರು ಮಿಲಿಟರಿಯಿಂದ ಬಂದವರು, ಎಪ್ಪತ್ತು ದಾಟಿದೆ. "ಸುಲೋಚನಮ್ಮ, ನನ್ನ ಪ್ಯಾಂಟು ಅದ್ರಲ್ಲಿ ಇಡಿ, ಸೊಂಟ ಸ್ವಲ್ಪ ಬಿಡಿಸಿಕೊಡಿ" ಎಂದರು.

"ನಿಮ್ಮ ಹೊಟ್ಟೆಗೆ ಬಿಡ್ಸೋಕೆ ಬಟ್ಟೆನೇ ಉಳಿದಿಲ್ಲ ಸಾರ್, ಮೊದ್ಲು ಸೈಕಲ್ ತುಳೀರಿ."

ಫೆಬ್ರವರಿಯಲ್ಲಿ ಕಾಲಿನ ತೊಂದರೆ ಶುರುವಾಯಿತು. ಹತ್ತು ನಿಮಿಷ ತುಳಿಯುವಷ್ಟರಲ್ಲಿ ಬೆರಳು ಜೋಮು ಹಿಡಿಯುತ್ತದೆ, ಇರುವೆ ಹರಿದ ಹಾಗಾಗುತ್ತದೆ ಎಂದರು. ವಿಚಿತ್ರವೆಂದರೆ ನನಗೂ ಅದೇ ಆಗುತ್ತಿತ್ತು. ಕೀರ್ತಿ, "ಎಲ್ರಿಗೂ ಆಗ್ತದೆ ಮಿಸ್, ಈ ಮೆಷಿನಲ್ಲಿ ಪಾದ ಮೇಲೇಳೋದೇ ಇಲ್ಲ, ಭಾರ ಎಲ್ಲ ಮುಂಗಾಲಿಗೆ ಬೀಳ್ತದೆ" ಎಂದ. ಪೂವಯ್ಯನವರು ಶೂ ಲೇಸ್ ಸಡಿಲ ಮಾಡಿ ಎಂದರು. ಮಾರ್ಚ್ ಮಾಡುವಾಗ ಹೊಸಬರು ಬೂಟು ಬಿಗಿದು ಕಟ್ಟಿ ಕಾಲು ಸಾಯಿಸಿಕೊಳ್ಳುತ್ತಿದ್ದರಂತೆ.

ನನಗೆ ಓದುವ ಚಟ. ಮನೆಗೆ ಬಂದು ಫೋನಿನಲ್ಲಿ ಹುಡುಕಿ ಹುಡುಕಿ ಓದಿದೆ. ಹಿಮ್ಮಡಿಗೆ ಭಾರ ಕೊಡಬೇಕು, ನಡುನಡುವೆ ಬೆರಳು ಬಿಚ್ಚಿ ಮುಚ್ಚಬೇಕು, ಮೆಷಿನ್ನಿನ ಬಿಗಿ ಕಮ್ಮಿ ಇಟ್ಟು ತುಳಿಯಬೇಕು, ಐದು ನಿಮಿಷಕ್ಕೊಮ್ಮೆ ಪಾದ ಜರುಗಿಸಬೇಕು, ಒಂದಳತೆ ದೊಡ್ಡ ಶೂ ಕೊಳ್ಳಬೇಕು. ಹಾಳೆಯ ಮೇಲೆ ಬರೆದುಕೊಂಡು ಹೋಗಿ ಓದಿ ಹೇಳಿದೆ. ಆ ಬರಹಗಳ ಕೊನೆಯಲ್ಲೆಲ್ಲ ಒಂದು ಸಾಲು ಇರುತ್ತಿತ್ತು: ಸಕ್ಕರೆ ಕಾಯಿಲೆ ಇದ್ದವರು ಜೋಮನ್ನು ಸಾಮಾನ್ಯವೆಂದು ಬಿಡಬಾರದು, ಡಾಕ್ಟರಿಗೆ ತೋರಿಸಬೇಕು. ಅದನ್ನೂ ಓದಿದ್ದೆ. ಹಾಳೆಯಲ್ಲಿ ಬರೆದುಕೊಳ್ಳಲಿಲ್ಲ. ಅವರಿಗೆ ಅತ್ತೆಯ ನೆನಪಾಗಿ ಹೆದರುತ್ತಾರೆ ಅಂದುಕೊಂಡೆನೋ, ಇದು ಬರೀ ಲೇಸಿನ ವಿಷಯ ಅಂದುಕೊಂಡೆನೋ, ಈಗ ಎಷ್ಟು ಯೋಚಿಸಿದರೂ ಗೊತ್ತಾಗುವುದಿಲ್ಲ. ಲೇಸ್ ಸಡಿಲ ಮಾಡಿ ಹಿಮ್ಮಡಿಗೆ ಭಾರ ಕೊಟ್ಟ ಮೂರನೇ ದಿನಕ್ಕೆ ನನ್ನ ಜೋಮು ಹೋಯಿತು. ಹಾಗಾಗಿ ಅವರದೂ ಹೋಗುತ್ತದೆ ಎಂದು ನಂಬಿದೆ.

ಅವರದು ಹೋಗಲಿಲ್ಲ. ಲೇಸ್ ಸಡಿಲಿಸಿದರು, ಆಮೇಲೆ ಲೇಸನ್ನೇ ತೆಗೆದರು. ಕಡೆಗೊಂದು ದಿನ ಶೂ ಬಿಚ್ಚಿ ಬಾಗಿಲ ಬಳಿ ಇಟ್ಟು, ಬರೀ ಸಾಕ್ಸಿನಲ್ಲಿ ಪೆಡಲ್ ಹತ್ತಿದರು.

ಕೀರ್ತಿ ಓಡಿ ಬಂದ. "ಆಂಟಿ, ಶೂ ಇಲ್ದೆ ಹತ್ತಬಾರ್ದು. ಆ ಪೆಡಲ್ ತರಿತರಿ ಇದೆ, ಉಜ್ಜಿಬಿಡ್ತದೆ."

"ನೋಡು ಇಲ್ಲಿ." ಅವರು ಮೆಷಿನ್ನಿನ ಮೂತಿಗೆ ಬೆರಳು ತೋರಿಸಿದರು. ಆಯುಧಪೂಜೆಯಲ್ಲಿ ಹಚ್ಚಿದ ಕುಂಕುಮದ ಕಲೆ ಇನ್ನೂ ಅಲ್ಲಿತ್ತು. "ಪೂಜೆ ಮಾಡಿದ್ದು ನೀನೇ ತಾನೆ? ಪೂಜೆ ಮಾಡಿ ಶೂ ಕಾಲಲ್ಲಿ ತುಳಿ ಅಂತೀಯಾ? ಮೂವತ್ನಾಲ್ಕು ವರ್ಷ ನಾನು ಮೆಷಿನ್ ಮೇಲೆ ಚಪ್ಪಲಿ ಇಟ್ಟವಳಲ್ಲ. ಇಲ್ಲಿ ಇಷ್ಟು ದಿನ ಇಟ್ಟೆನಲ್ಲ, ಅದಕ್ಕೇ ಕಾಲು ಜೋಮು ಹಿಡಿದಿದ್ದು."

ಕೀರ್ತಿ ನನ್ನ ಮುಖ ನೋಡಿದ. ನಾನು ಏನಾದರೂ ಹೇಳಬೇಕಿತ್ತು. ಅವರ ನಂಬಿಕೆ ಅವರಿಗೆ ಎಂದು ದೊಡ್ಡ ಮನಸ್ಸಿನವಳ ಹಾಗೆ ಸುಮ್ಮನಿದ್ದೆ.

ಅಚ್ಚರಿಯೆಂದರೆ ಏಪ್ರಿಲ್ ಮುಗಿಯುವಷ್ಟರಲ್ಲಿ ಜೋಮು ನಿಂತುಹೋಯಿತು. "ಹೋಯ್ತು ಟೀಚ್ರೆ. ಇರುವೆನೂ ಇಲ್ಲ, ಉರಿನೂ ಇಲ್ಲ. ಮೋಡದ ಮೇಲೆ ನಿಂತ ಹಾಗಿರ್ತದೆ" ಎಂದರು. ಅರ್ಧ ಗಂಟೆ, ನಲವತ್ತು ನಿಮಿಷ ತುಳಿಯತೊಡಗಿದರು. ರಕ್ತ ಪರೀಕ್ಷೆಯಲ್ಲಿ ಸಕ್ಕರೆಯೂ ಇಳಿದಿತ್ತು. ಆ ದಿನ ಬೇಕರಿಯಿಂದ ಖಾರದ ಬನ್ ತರಿಸಿ ಜಿಮ್ಮಿಗೆಲ್ಲ ಹಂಚಿದರು. ಅಷ್ಟು ಸಂತೋಷವಾಗಿದ್ದ ಸುಲೋಚನಮ್ಮನನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಅದೇ ದಿನಗಳಲ್ಲಿ ಅವರ ಹೊಲಿಗೆ ಕೆಡತೊಡಗಿತ್ತು. ನನ್ನ ಒಂದು ಬ್ಲೌಸಿನ ತೋಳು ಎಳೆದುಕೊಂಡಿತ್ತು. ಪೆಡಲ್ ತಪ್ಪುತ್ತದೆ, ಬೆಲ್ಟ್ ಹಳೆಯದಾಗಿದೆ ಎಂದರು. ಹೊಸ ಬೆಲ್ಟ್ ಹಾಕಿಸಿದರು.

ಜೂನ್ ಮೊದಲ ವಾರ ಒಂದು ಬೆಳಿಗ್ಗೆ ನಾನು ಅವರ ಹಿಂದಿನ ಸೈಕಲ್ ಮೇಲಿದ್ದೆ. ಅವರ ಎಡಗಾಲಿನ ಹಿಮ್ಮಡಿ ಎದ್ದಾಗಲೆಲ್ಲ ಸಾಕ್ಸಿನ ಅಡಿಯಲ್ಲಿ ಏನೋ ಮಿನುಗುತ್ತಿತ್ತು. ಇಳಿದು ಹತ್ತಿರ ಹೋದೆ. ಗುಂಡುಸೂಜಿಯ ತಲೆ. ಸಾಕ್ಸ್ ಹಾಕಿಕೊಂಡು ಅಂಗಡಿಯ ನೆಲ ತುಳಿದಾಗ ಚುಚ್ಚಿಕೊಂಡದ್ದು, ಸಾಕ್ಸ್ ತೂರಿ ತಲೆಯವರೆಗೂ ಒಳಗೆ ಹೋಗಿತ್ತು. ಅವರು ಅದರ ಮೇಲೆ ನಿಂತು ಇಪ್ಪತ್ತೈದು ನಿಮಿಷ ತುಳಿದಿದ್ದರು.

ಬೆಂಚಿನ ಮೇಲೆ ಕೂರಿಸಿ ಎಳೆದೆ. ಬಂತು. ಒಂದೇ ಒಂದು ಹನಿ ರಕ್ತ. ಅವರು ಸೂಜಿಯನ್ನು ಕೈಯಲ್ಲಿ ಹಿಡಿದು ನೋಡುತ್ತಾ ಕೂತರು. ಮುಖ ಬಿಳಿಚಿತ್ತು. ಆಮೇಲೆ ನಕ್ಕರು.

"ನೋಡಿ ಟೀಚ್ರೆ, ಕಾಲು ಎಷ್ಟು ಗಟ್ಟಿಯಾಗಿದೆ."

ಮರುದಿನ ಬಲವಂತದಿಂದ ಡಾಕ್ಟರ್ ಶರಣ್ಯಾ ಅವರಲ್ಲಿಗೆ ಕರೆದುಕೊಂಡು ಹೋದೆ. ಬಸ್ಸಿನಲ್ಲಿ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡು ಹೇಳಿದರು: "ಸೂಜಿ ವಿಷಯ ಹೇಳ್ಬೇಡಿ. ನನ್ನಾಣೆ. ಅತ್ತೆಗೂ ಮೊದ್ಲು ಹೀಗೇ, ಮೊಳೆ ಚುಚ್ಚಿದ್ದು ಗೊತ್ತಾಗಿರ್ಲಿಲ್ಲ. ಅದನ್ನ ಹೇಳಿದ ದಿನದಿಂದ್ಲೇ ಎಲ್ಲರೂ ಅವರ ಕಾಲು ಹೋಯ್ತು ಅನ್ನೋ ಹಾಗೆ ನೋಡೋಕೆ ಶುರು ಮಾಡಿದ್ರು."

ನಾನು ಹೇಳಲಿಲ್ಲ.

ಡಾಕ್ಟರು ಒಳ್ಳೆಯವರು, ಆತುರವಿಲ್ಲದವರು. ಜೋಮು ಇತ್ತೆಂದು ಕೇಳಿ, ಕಾಲು ಚಾಚಿಸಿ, ಕಣ್ಣು ಮುಚ್ಚಿಕೊಳ್ಳಿ ಎಂದರು. ಗಾಳದ ದಾರದಂಥ ಒಂದು ನೈಲಾನ್ ಎಳೆಯಿಂದ ಅಂಗಾಲಿನ ಒಂದೊಂದು ಕಡೆ ಮುಟ್ಟಿ, "ಗೊತ್ತಾದಾಗ ಹೂಂ ಅನ್ನಿ" ಎಂದರು. ಸುಲೋಚನಮ್ಮ ಕಣ್ಣು ಬಿಗಿಯಾಗಿ ಮುಚ್ಚಿದ್ದರು. ಹತ್ತು ಸಲ ಮುಟ್ಟಿದರು. ಹತ್ತು ಸಲವೂ ಹೂಂ. "ಚೆನ್ನಾಗಿದೆ. ಆದ್ರೂ ಬರಿಗಾಲಲ್ಲಿ ಇರಬೇಡಿ, ದಿನಾ ಕನ್ನಡಿ ಹಿಡಿದು ಅಂಗಾಲು ನೋಡ್ಕೊಳ್ಳಿ" ಎಂದು ಕಳಿಸಿದರು.

ನನಗೆ ಎಷ್ಟು ಹಗುರವಾಯಿತೆಂದರೆ ಬಸ್‌ಸ್ಟ್ಯಾಂಡಿನಲ್ಲಿ ಇಬ್ಬರಿಗೂ ಕಾಫಿ ಹೇಳಿದೆ. ಅರ್ಧ ಕಾಫಿ ಕುಡಿದ ಮೇಲೆ ಅವರು ಬಗ್ಗಿ, ಗುಟ್ಟು ಹೇಳುವ ಹಾಗೆ ಹೇಳಿದರು.

"ಒಂದೂ ಗೊತ್ತಾಗ್ಲಿಲ್ಲ ಟೀಚ್ರೆ."

"ಮತ್ತೆ ಹೂಂ ಅಂದ್ರಲ್ಲ?"

"ಡಾಕ್ಟ್ರು ಬಳೆ ಹಾಕಿದ್ರು. ಕೈ ಮುಂದೆ ಬಂದಾಗೆಲ್ಲ ಟಿಣ್ ಅಂತಿತ್ತು. ನಾನು ಟಿಣ್ ಅಂದಾಗ ಹೂಂ ಅಂದೆ." ಸ್ಕೂಲಿನಲ್ಲಿ ಕಾಪಿ ಹೊಡೆದು ಪಾಸಾದವರ ಹಾಗೆ ನಗುತ್ತಿದ್ದರು. ಆ ನಗು ನನಗೂ ಅಂಟಿತು. ನಾನೂ ನಕ್ಕೆ. ತಿರುಗಿ ಆ ಕ್ಲಿನಿಕ್ಕಿಗೆ ಎರಡು ನಿಮಿಷದ ದಾರಿ. ನಾವು ಶನಿವಾರಸಂತೆಯ ಬಸ್ ಹತ್ತಿದೆವು.

ಜುಲೈನಲ್ಲಿ ಮಳೆ ಹಿಡಿಯಿತು. ಅವರ ಮನೆಯಿಂದ ಜಿಮ್ಮಿಗೆ ಬರಲು ತೋಟದ ಬದಿಯ ಕಾಲುದಾರಿ ಹತ್ತಿರ. ಒಂದು ದಿನ ಮೆಷಿನ್ ಇಳಿದಾಗ ಎಡಗಾಲಿನ ಸಾಕ್ಸ್ ಒದ್ದೆಯಾಗಿ ಕೆಂಪಾಗಿತ್ತು. ನಾನು, ಕೀರ್ತಿ, ಪೂವಯ್ಯನವರು ಮೂವರೂ ಒಟ್ಟಿಗೆ ಹೇಳಿದೆವು, "ಜಿಗಣೆ." ಇಲ್ಲಿ ಮಳೆಗಾಲದಲ್ಲಿ ಸಾಕ್ಸಿನಲ್ಲಿ ರಕ್ತ ಕಂಡರೆ ಯಾರೂ ಎರಡನೇ ಸಲ ನೋಡುವುದಿಲ್ಲ. ಜಿಗಣೆ ಕಚ್ಚಿದ್ದು ನೋಯುವುದಿಲ್ಲ, ಬಿದ್ದುಹೋದ ಮೇಲೂ ರಕ್ತ ಸೋರುತ್ತಲೇ ಇರುತ್ತದೆ. ನನ್ನ ಕಾಲಲ್ಲೂ ಎರಡು ಕಲೆ ಇದ್ದವು. "ಸುಣ್ಣ ಹಚ್ಚಿ" ಎಂದರು ಪೂವಯ್ಯನವರು. ಸುಲೋಚನಮ್ಮ ಸಾಕ್ಸ್ ಬಿಚ್ಚದೆ, ಮೇಲಿನಿಂದಲೇ ಒತ್ತಿ ಹಿಡಿದು, ಮನೆಗೆ ಹೋಗಿ ಹಚ್ಚುತ್ತೇನೆ ಎಂದರು. ಹಚ್ಚಿದರಂತೆ, ಕೈಯಲ್ಲಿ ತಡವಿ ಒದ್ದೆ ಇದ್ದಲ್ಲಿ. ಕನ್ನಡಿ ಹಿಡಿಯಲಿಲ್ಲ.

ಅದು ಪೆಡಲ್ಲಿನ ತರಿ ಉಜ್ಜಿ ಎದ್ದ ಬೊಬ್ಬೆ, ಒಡೆದದ್ದು. ಅದರ ಮೇಲೆ ಸುಣ್ಣ. ಅದರ ಮೇಲೆ ಮತ್ತೆ ದಿನಾ ನಲವತ್ತು ನಿಮಿಷ. ಎರಡು ವಾರ ಸಾಕ್ಸಿನಲ್ಲಿ ರಕ್ತ ಕಾಣುತ್ತಿತ್ತು, ಎರಡು ವಾರವೂ ನಾವು ಜಿಗಣೆಯನ್ನು ಬೈದೆವು. ವಾಸನೆ ಬರುತ್ತಿತ್ತು. ಮಳೆಗಾಲದ ಜಿಮ್ಮಿನಲ್ಲಿ ಎಲ್ಲರ ಸಾಕ್ಸೂ ನಾರುತ್ತದೆ. ಇದನ್ನೆಲ್ಲ ಸಾಲಾಗಿ ಬರೆದರೆ ಯಾರಿಗಾದರೂ ಗೊತ್ತಾಗಬೇಕಿತ್ತು ಅನ್ನಿಸುತ್ತದೆ. ನಮಗೆ ಯಾರಿಗೂ ಗೊತ್ತಾಗಲಿಲ್ಲ. ಅವರಿಗೆ ಗೊತ್ತಿತ್ತೇ ಎಂಬುದನ್ನು ನಾನು ಈಗಲೂ ಯೋಚಿಸುತ್ತಿದ್ದೇನೆ. ಹೊಲಿದ ಬಟ್ಟೆಯಲ್ಲಿ ಒಂದು ನೂಲು ಎದ್ದಿದ್ದರೂ ಕಾಣುವ ಕಣ್ಣು ಅವರದು. ಅಂಗಾಲು ನೋಡಿಕೊಳ್ಳದೆ ಇದ್ದದ್ದು ಮರೆವಿನಿಂದಲ್ಲ ಅನ್ನಿಸುತ್ತದೆ.

ಆಗಸ್ಟ್ ಒಂಬತ್ತು, ಶನಿವಾರ, ಸಂತೆಯ ದಿನ. ಮೆಷಿನ್ ಮುಂದೆ ಕೂತವರು ಚಳಿ ಹತ್ತಿ ನಡುಗುತ್ತಾ ಬಟ್ಟೆಯ ಮೇಲೆ ತಲೆಯಿಟ್ಟರು. ಮಲ್ಲಪ್ಪನವರನ್ನು ಸಂತೆಯಿಂದ ಕರೆಸಿದರು. ಅವರು ಎತ್ತಿ ಮಲಗಿಸಿ, ಜಿಮ್ಮಿನಿಂದ ಬಂದ ಮೇಲೂ ಬಿಚ್ಚದೆ ಇದ್ದ ಸಾಕ್ಸ್ ಎಳೆದಾಗ ಚರ್ಮವೂ ಅದರ ಜೊತೆ ಬಂತು. ಸೋಮವಾರಪೇಟೆಗೆ, ಅಲ್ಲಿಂದ ಅದೇ ದಿನ ಹಾಸನಕ್ಕೆ ಸಾಗಿಸಿದರು.

ಹಾಸನದ ಡಾಕ್ಟರರು ಎರಡು ದಿನ ಔಷಧಿ ಏರಿಸಿ ನೋಡಿದರು, ಸತ್ತ ಮಾಂಸ ಕತ್ತರಿಸಿ ತೆಗೆದರು. ಮಂಗಳವಾರ, ಮೊಣಕಾಲಿನ ಕೆಳಗೆ ತೆಗೆಯಲೇಬೇಕು, ತಡ ಮಾಡಿದರೆ ಜೀವಕ್ಕೆ ಅಪಾಯ ಎಂದರು. ಮಲ್ಲಪ್ಪನವರು ಕಾಗದಕ್ಕೆ ಸಹಿ ಹಾಕಲು ತಯಾರಿದ್ದರು. ಸುಲೋಚನಮ್ಮ ಎಚ್ಚರದಲ್ಲಿದ್ದರು, ಮಾತು ಸ್ಪಷ್ಟವಾಗಿತ್ತು. ಒಪ್ಪಲಿಲ್ಲ. ಮಲ್ಲಪ್ಪನವರು ವಾರ್ಡಿನಲ್ಲೇ ಕೈ ಮುಗಿದರು.

"ನಿನ್ನ ಕಾಲು ಹಿಡ್ಕೊಂಡು ಕೇಳ್ತೀನಿ ಕಣೇ."

"ಹಿಡ್ಕೊಳ್ಳಿ. ಇನ್ನೂ ಇದೆಯಲ್ಲ" ಎಂದರು ಅವರು.

ಬುಧವಾರ ಸಂಜೆ ನಾಲ್ಕೂವರೆಯ ಹೊತ್ತಿಗೆ ನಾನು ಹಾಸನಕ್ಕೆ ಹೋದೆ. ಮಲ್ಲಪ್ಪನವರನ್ನು ಕಾಫಿಗೆ ಕಳಿಸಿ ಹಾಸಿಗೆಯ ಬಳಿ ಕೂತೆ. ಜ್ವರದಲ್ಲಿ ಅವರ ಮುಖ ಚಿಕ್ಕದಾಗಿತ್ತು. ಉಸಿರು ಬೇಗ ಬೇಗ ಬರುತ್ತಿತ್ತು. ಬೆಳಿಗ್ಗೆ ದೊಡ್ಡ ಡಾಕ್ಟರು ಇನ್ನೊಮ್ಮೆ ಬಂದು ನೋಡಿ ತೀರ್ಮಾನ ಮಾಡುತ್ತಾರೆ ಎಂದು ನರ್ಸ್ ಹೇಳಿದ್ದರಂತೆ. ಸುಲೋಚನಮ್ಮ ಅದನ್ನೇ ಹಿಡಿದುಕೊಂಡಿದ್ದರು.

ನಾನು ಸೂಜಿಯ ವಿಷಯ ತೆಗೆದೆ. ಅವತ್ತು ನಾನು ಹೇಳಿಬಿಡಬೇಕಿತ್ತು ಎಂದೆ.

"ಹೇಳಿದ್ರೆ ನಾನು ನಿಮ್ಮ ಜೊತೆ ಮಾತು ಬಿಡ್ತಿದ್ದೆ."

"ಬಿಟ್ಟಿದ್ರೂ ಪರವಾಗಿರ್ಲಿಲ್ಲ."

ಅವರು ಬ್ಯಾಂಡೇಜಿನ ಕಡೆ ನೋಡಿದರು. ಆಮೇಲೆ, "ನಾಳೆ ಅವ್ರು ಕಾಲು ಮುಟ್ಟಿ ನೋಡ್ತಾರೆ ಟೀಚ್ರೆ. ಗೊತ್ತಾಗ್ತದೆ ಅಂದ್ರೆ ತೆಗೆಯಲ್ಲ. ಜೀವ ಇರೋ ಕಾಲನ್ನ ಯಾರು ತೆಗೀತಾರೆ? ನೀವೊಂದ್ಸಲ ಮುಟ್ಟಿ. ನಾನು ಹೇಳ್ತೀನಿ" ಎಂದರು.

ನಾನು ಕಾಲ ಕಡೆಗೆ ಹೋಗಿ ನಿಂತೆ. ಬ್ಯಾಂಡೇಜಿನ ತುದಿಯಲ್ಲಿ ಬೆರಳುಗಳು ಮಾತ್ರ ಹೊರಗಿದ್ದವು. ಕಿರುಬೆರಳು ಮತ್ತು ಅದರ ಪಕ್ಕದ್ದು ಕಪ್ಪಾಗಿದ್ದವು. ಹೆಬ್ಬೆರಳು ಬೂದಿಬಣ್ಣ.

"ಮುಚ್ಚಿದೀನಿ ಕಣ್ಣು" ಎಂದರು. ನಿಜವಾಗಿಯೂ ಮುಚ್ಚಿದ್ದರು, ಮಕ್ಕಳು ಮುಚ್ಚುವ ಹಾಗೆ, ಹುಬ್ಬು ಗಂಟಿಕ್ಕಿ, ಬಿಗಿಯಾಗಿ.

ನನಗೆ ಮುಟ್ಟಲು ಆಗಲಿಲ್ಲ. ಕಣ್ಣು ಒರೆಸಿಕೊಳ್ಳಲು ಕೈ ಎತ್ತಿದೆ. ಬಳೆ ಸದ್ದಾಯಿತು.

"ಹೂಂ" ಎಂದರು ಸುಲೋಚನಮ್ಮ. "ಹೆಬ್ಬೆರಳು."